ಅಮೆರಿಕದ ಗುಲಾಮಗಿರಿ ನಿರ್ಮೂಲನವಾದಿಗಳ ಭಿನ್ನಾಭಿಪ್ರಾಯಗಳು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಪತ್ರಿಕಾ ಸಂಪಾದಕರು, ಲೇಖಕರು ಮತ್ತು ಭಾಷಣಕಾರರು 1830ರಿಂದ 1870ರವರೆಗಿನ ನಾಲ್ಕು ದಶಕಗಳಲ್ಲಿ ತಮ್ಮತಮ್ಮಲ್ಲಿಯೇ ನಡೆಸಿದ ವಾದವಿವಾದಗಳನ್ನು ಗುಲಾಮಗಿರಿ ನಿರ್ಮೂಲನವಾದಿಗಳ ಭಿನ್ನಾಭಿಪ್ರಾಯಗಳು ಎಂದು ಕರೆಯಬಹುದು. ಗುಲಾಮಗಿರಿ ಕೊನೆಗೊಳ್ಳಬೇಕೆಂಬ ವಿಷಯದಲ್ಲಿ ಇವರೆಲ್ಲರೂ ಒಮ್ಮತ ಹೊಂದಿದ್ದರು. ಆದರೆ ಎದುರಾಳಿಯನ್ನು ಕಟುವಾಗಿ ಖಂಡಿಸಬೇಕೆ ಅಥವಾ ಸೌಮ್ಯವಾಗಿ ಮನವೊಲಿಸಬೇಕೆ, ವಾಕ್ ಸ್ವಾತಂತ್ರ್ಯವನ್ನು ಯಾವ ಮಾರ್ಗದಿಂದ ರಕ್ಷಿಸಿಕೊಳ್ಳಬೇಕು, ಚುನಾವಣೆಗಳಲ್ಲಿ ಭಾಗವಹಿಸಬೇಕೆ ಅಥವಾ ಅವುಗಳಿಂದ ದೂರವಿರಬೇಕೆ ಎಂಬ ಮೂರು ಪ್ರಶ್ನೆಗಳು ಅವರನ್ನು ಒಡೆದವು. ವಿಲಿಯಂ ಲಾಯ್ಡ್ ಗ್ಯಾರಿಸನ್, ಫ್ರೆಡರಿಕ್ ಡಗ್ಲಸ್, ವೆಂಡೆಲ್ ಫಿಲಿಪ್ಸ್, ಜೇಮ್ಸ್ ಬರ್ನಿ, ಲೂಯಿಸ್ ಟ್ಯಾಪನ್ ಹಾಗೂ ಗ್ರಿಮ್ಕೆ ಸೋದರಿಯರು ಈ ವಾದಗಳಲ್ಲಿ ಪ್ರಮುಖರು.

ಹಿನ್ನೆಲೆ

1830ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಸುಮಾರು 20 ಲಕ್ಷ ಗುಲಾಮರಿದ್ದರು. 1860ರ ವೇಳೆಗೆ ಈ ಸಂಖ್ಯೆ ಸುಮಾರು 40 ಲಕ್ಷಕ್ಕೆ ಏರಿತು. ಉತ್ತರದ ರಾಜ್ಯಗಳು ಗುಲಾಮಗಿರಿಯನ್ನು ಹಂತಹಂತವಾಗಿ ಕೈಬಿಟ್ಟಿದ್ದರೂ ದಕ್ಷಿಣದ ರಾಜ್ಯಗಳ ಹತ್ತಿ ಬೇಸಾಯ ಗುಲಾಮರ ದುಡಿಮೆಯನ್ನೇ ನೆಚ್ಚಿಕೊಂಡಿತ್ತು.

ಗುಲಾಮಗಿರಿಯ ವಿರುದ್ಧದ ಬರವಣಿಗೆಯನ್ನು ಮೊದಲು ಬೆಳೆಸಿದವರಲ್ಲಿ ಸ್ವತಂತ್ರ ಕಪ್ಪು ಜನರು ಮುಖ್ಯರು. ಕಪ್ಪು ಜನರೇ ನಡೆಸಿದ ಅಮೆರಿಕದ ಮೊದಲ ಪತ್ರಿಕೆ 'ಫ್ರೀಡಮ್ಸ್ ಜರ್ನಲ್' 1827ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಯಿತು. 1829ರಲ್ಲಿ ಬಾಸ್ಟನ್ನಿನ ಡೇವಿಡ್ ವಾಕರ್ ಪ್ರಕಟಿಸಿದ 'ಅಪೀಲ್' ಎಂಬ ಕಿರುಹೊತ್ತಗೆ ಗುಲಾಮರು ಎದುರು ನಿಲ್ಲಬೇಕೆಂದು ಕರೆ ನೀಡಿತು. ದಕ್ಷಿಣದ ಹಲವು ಕಡೆ ಅಧಿಕಾರಿಗಳು ಅದರ ಪ್ರಸಾರವನ್ನು ತಡೆಯಲು ಯತ್ನಿಸಿದರು.

1831ರ ಜನವರಿ 1ರಂದು ಗ್ಯಾರಿಸನ್ ಬಾಸ್ಟನ್ನಿನಲ್ಲಿ 'ಲಿಬರೇಟರ್' ವಾರಪತ್ರಿಕೆಯನ್ನು ಆರಂಭಿಸಿದನು. ಅದಕ್ಕೆ ಮುಂಚೆ ಬಾಲ್ಟಿಮೋರಿನಲ್ಲಿ ಬೆಂಜಮಿನ್ ಲಂಡಿಯ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಗುಲಾಮರ ಸಾಗಣೆಯಲ್ಲಿ ತೊಡಗಿದ್ದ ವ್ಯಾಪಾರಿಯೊಬ್ಬನನ್ನು ಹೆಸರಿಸಿ ಖಂಡಿಸಿದ್ದಕ್ಕಾಗಿ ಮಾನಹಾನಿಯ ಆರೋಪದ ಮೇಲೆ ಆತ 49 ದಿನ ಸೆರೆವಾಸ ಅನುಭವಿಸಿದ್ದನು. ಗುಲಾಮರಿಗೆ ತತ್‌ಕ್ಷಣವೇ, ಯಾವುದೇ ಷರತ್ತಿಲ್ಲದೆ ಬಿಡುಗಡೆ ನೀಡಬೇಕೆಂಬುದು ಲಿಬರೇಟರಿನ ಬೇಡಿಕೆಯಾಗಿತ್ತು. ಅದರ ಆರಂಭದ ಚಂದಾದಾರರಲ್ಲಿ ಬಹುಪಾಲು ಜನ ಕಪ್ಪು ಜನಾಂಗದವರು. 1833ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯದಲ್ಲಿ 'ಅಮೆರಿಕನ್ ಆ್ಯಂಟಿ ಸ್ಲೇವರಿ ಸೊಸೈಟಿ' ಎಂಬ ರಾಷ್ಟ್ರಮಟ್ಟದ ಸಂಘ ಸ್ಥಾಪನೆಯಾಯಿತು.

ವಾಕ್ ಸ್ವಾತಂತ್ರ್ಯದ ಮೇಲಿನ ದಾಳಿಗಳು

1831ರ ಆಗಸ್ಟಿನಲ್ಲಿ ವರ್ಜೀನಿಯದಲ್ಲಿ ನ್ಯಾಟ್ ಟರ್ನರನ ನೇತೃತ್ವದಲ್ಲಿ ಗುಲಾಮರ ದಂಗೆ ನಡೆಯಿತು. ಟರ್ನರನಿಗೂ ಲಿಬರೇಟರಿಗೂ ಸಂಬಂಧವಿತ್ತೆಂಬುದಕ್ಕೆ ಆಧಾರವಿಲ್ಲದಿದ್ದರೂ ದಕ್ಷಿಣದ ನಾಯಕರು ಪತ್ರಿಕೆಯ ಮೇಲೆ ಹೊಣೆ ಹೊರಿಸಿದರು. ಗ್ಯಾರಿಸನ್ನನನ್ನು ಬಂಧಿಸಿ ಶಿಕ್ಷೆಗೊಳಪಡಿಸುವವರಿಗೆ ಜಾರ್ಜಿಯ ರಾಜ್ಯದ ಶಾಸನಸಭೆ 5,000 ಡಾಲರ್ ಬಹುಮಾನ ಘೋಷಿಸಿತು.

1835ರ ಜುಲೈನಲ್ಲಿ ದಕ್ಷಿಣ ಕ್ಯಾರೊಲಿನದ ಚಾರ್ಲ್ಸ್‌ಟನ್ ನಗರದಲ್ಲಿ ಗುಂಪೊಂದು ಅಂಚೆ ಕಚೇರಿಗೆ ನುಗ್ಗಿ ನಿರ್ಮೂಲನವಾದಿ ಪತ್ರಿಕೆಗಳ ಚೀಲಗಳನ್ನು ಹೊತ್ತೊಯ್ದು ಬೆಂಕಿಗೆ ಹಾಕಿತು. ಇಂತಹ ಪತ್ರಿಕೆಗಳನ್ನು ಸ್ಥಳೀಯ ಅಂಚೆ ಅಧಿಕಾರಿಗಳು ತಡೆಹಿಡಿಯುವುದನ್ನು ಕೇಂದ್ರದ ಅಂಚೆ ಮುಖ್ಯಸ್ಥ ಏಮಸ್ ಕೆಂಡಲ್ ತಡೆಯಲಿಲ್ಲ. ಅದೇ ವರ್ಷದ ಅಕ್ಟೋಬರ್ 21ರಂದು ಬಾಸ್ಟನ್ನಿನಲ್ಲಿ ಮಹಿಳಾ ಸಂಘದ ಸಭೆಯೊಂದಕ್ಕೆ ಬಂದಿದ್ದ ಗ್ಯಾರಿಸನ್ನನನ್ನು ಗುಂಪೊಂದು ಹಗ್ಗ ಬಿಗಿದು ಬೀದಿಯಲ್ಲಿ ಎಳೆದೊಯ್ದಿತು. ಅವನ ಪ್ರಾಣ ಉಳಿಸಲು ನಗರದ ಅಧಿಕಾರಿಗಳು ಆ ರಾತ್ರಿ ಅವನನ್ನು ಸೆರೆಮನೆಯಲ್ಲಿ ಇರಿಸಬೇಕಾಯಿತು.

1836ರ ಮೇ ತಿಂಗಳಲ್ಲಿ ಅಮೆರಿಕದ ಪ್ರತಿನಿಧಿಸಭೆ 'ಗ್ಯಾಗ್ ನಿಯಮ'ವನ್ನು, ಅಂದರೆ ಬಾಯಿಕಟ್ಟುವ ನಿಯಮವನ್ನು, ಅಂಗೀಕರಿಸಿತು. ಗುಲಾಮಗಿರಿಯ ಕುರಿತು ಸಾರ್ವಜನಿಕರು ಸಲ್ಲಿಸುವ ಅರ್ಜಿಗಳನ್ನು ಚರ್ಚೆಯಿಲ್ಲದೆ ಬದಿಗಿಡುವುದು ಇದರ ಉದ್ದೇಶ. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಸಭೆಯ ಸದಸ್ಯನಾಗಿ ಈ ನಿಯಮದ ವಿರುದ್ಧ ಎಂಟು ವರ್ಷಗಳ ಕಾಲ ಹೋರಾಡಿದನು. 1844ರ ಡಿಸೆಂಬರಿನಲ್ಲಿ ನಿಯಮ ರದ್ದಾಯಿತು. ಆಡಮ್ಸ್ ನಿರ್ಮೂಲನವಾದಿ ಸಂಘಗಳ ಸದಸ್ಯನಾಗಿರಲಿಲ್ಲ. ಪ್ರಜೆಗಳ ಅರ್ಜಿ ಸಲ್ಲಿಸುವ ಹಕ್ಕನ್ನು ಉಳಿಸುವುದೇ ಅವನ ವಾದದ ತಿರುಳಾಗಿತ್ತು.

ಎಲೈಜ ಲವ್‌ಜಾಯ್ ಹತ್ಯೆ ಮತ್ತು ಆಯುಧದ ಪ್ರಶ್ನೆ

ಇಲಿನಾಯ್ ರಾಜ್ಯದ ಆಲ್ಟನ್ ಪಟ್ಟಣದಲ್ಲಿ ಪತ್ರಿಕೆ ನಡೆಸುತ್ತಿದ್ದ ಪಾದ್ರಿ ಎಲೈಜ ಲವ್‌ಜಾಯ್‌ನ ಮುದ್ರಣಯಂತ್ರಗಳನ್ನು ವಿರೋಧಿಗಳು ಮತ್ತೆಮತ್ತೆ ನಾಶಪಡಿಸಿದರು. 1837ರ ನವೆಂಬರ್ 7ರ ರಾತ್ರಿ, ಹೊಸದಾಗಿ ಬಂದ ಯಂತ್ರವನ್ನು ಗೋದಾಮಿನಲ್ಲಿಟ್ಟು ಬಂದೂಕುಧಾರಿ ಬೆಂಬಲಿಗರೊಡನೆ ಕಾಯುತ್ತಿದ್ದಾಗ, ಗುಂಪಿನ ಗುಂಡೇಟಿಗೆ ಅವನು ಬಲಿಯಾದನು. ಆಗ ಅವನಿಗೆ 34 ವರ್ಷ.

ಈ ಘಟನೆ ನಿರ್ಮೂಲನವಾದಿಗಳೊಳಗೆ ಎರಡು ಬಗೆಯ ಪ್ರತಿಕ್ರಿಯೆಗೆ ಕಾರಣವಾಯಿತು. ಯಾವ ಸಂದರ್ಭದಲ್ಲೂ ಆಯುಧ ಹಿಡಿಯಬಾರದೆಂಬ ಅಹಿಂಸಾ ನಿಲುವಿನ ಗ್ಯಾರಿಸನ್ ಹತ್ಯೆಯನ್ನು ಉಗ್ರವಾಗಿ ಖಂಡಿಸಿದರೂ ಲವ್‌ಜಾಯ್ ಬಂದೂಕಿನ ರಕ್ಷಣೆ ಪಡೆದದ್ದಕ್ಕೆ ವಿಷಾದಿಸಿದನು. ಮುದ್ರಣಯಂತ್ರವನ್ನು ಕಾಯುವುದು ನಾಗರಿಕನ ಕಾನೂನುಬದ್ಧ ಹಕ್ಕು ಎಂದು ಇತರರು ವಾದಿಸಿದರು.

1837ರ ಡಿಸೆಂಬರ್ 8ರಂದು ಬಾಸ್ಟನ್ನಿನ ಫ್ಯಾನಿಯಲ್ ಸಭಾಂಗಣದಲ್ಲಿ ಹತ್ಯೆಯನ್ನು ಖಂಡಿಸುವ ಸಭೆ ನಡೆಯಿತು. ಅಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಅಟಾರ್ನಿ ಜನರಲ್ ಜೇಮ್ಸ್ ಆಸ್ಟಿನ್ ಆಲ್ಟನ್ನಿನ ಗುಂಪನ್ನು ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರರಿಗೆ ಹೋಲಿಸಿದನು. ಅದಕ್ಕೆ ಸ್ಥಳದಲ್ಲೇ ಉತ್ತರ ನೀಡಿದ ಯುವ ವಕೀಲ ವೆಂಡೆಲ್ ಫಿಲಿಪ್ಸ್ ಮುಂದೆ ಚಳವಳಿಯ ಅತ್ಯಂತ ಹೆಸರಾಂತ ವಾಗ್ಮಿಯಾದನು.

ಭಾಷೆಯ ಧಾಟಿಯ ಕುರಿತ ವಿವಾದ

ಗುಲಾಮರ ಒಡೆಯರನ್ನು ಮನುಷ್ಯಚೋರರು ಎಂದೂ ಅವರಿಗೆ ಸಹಕರಿಸುವ ಚರ್ಚುಗಳನ್ನು ಪಾಪದ ಪಾಲುದಾರರು ಎಂದೂ ಗ್ಯಾರಿಸನ್ ಕರೆಯುತ್ತಿದ್ದನು. ಘೋರ ಅನ್ಯಾಯವನ್ನು ಮೃದುಮಾತಿನಲ್ಲಿ ವರ್ಣಿಸಿದರೆ ಅದರ ಘೋರತೆಯೇ ಮರೆಯಾಗುತ್ತದೆ, ಆದ್ದರಿಂದ ಸೌಮ್ಯ ಭಾಷೆಯೂ ಒಂದು ಬಗೆಯ ಅಸತ್ಯ ಎಂಬುದು ಅವನ ಸಮರ್ಥನೆ.

ಇದನ್ನು ಗುಲಾಮಗಿರಿಯ ವಿರೋಧಿಗಳಲ್ಲೇ ಹಲವರು ಒಪ್ಪಲಿಲ್ಲ. ಬಾಸ್ಟನ್ನಿನ ಯೂನಿಟೇರಿಯನ್ ಪಾದ್ರಿ ವಿಲಿಯಂ ಎಲ್ಲರಿ ಚಾನಿಂಗ್ 1835ರಲ್ಲಿ ಪ್ರಕಟಿಸಿದ 'ಸ್ಲೇವರಿ' ಎಂಬ ಗ್ರಂಥದಲ್ಲಿ ಗುಲಾಮಗಿರಿಯನ್ನು ನೈತಿಕ ದೋಷವೆಂದು ಖಂಡಿಸಿದನು. ಜೊತೆಗೆ ನಿರ್ಮೂಲನವಾದಿಗಳ ಉದ್ರೇಕಕಾರಿ ಭಾಷೆಯನ್ನೂ ಟೀಕಿಸಿದನು. ಕಟುನುಡಿಯಿಂದ ದಕ್ಷಿಣದವರ ಮನಸ್ಸು ಇನ್ನಷ್ಟು ಗಡುಸಾಗುತ್ತದೆಂದು ಅವನು ಭಾವಿಸಿದ್ದನು. ಇದಕ್ಕೆ ಪ್ರತಿಯಾಗಿ, ಸೌಮ್ಯ ಮನವಿಗಳನ್ನು ಹಿಂದಿನ ತಲೆಮಾರಿನವರು ಸಾಕಷ್ಟು ಮಾಡಿದ್ದರೂ ಗುಲಾಮರ ಸಂಖ್ಯೆ ಏರುತ್ತಲೇ ಇದೆ ಎಂದು ಗ್ಯಾರಿಸನ್ನನ ಬಳಗ ಉತ್ತರಿಸಿತು.

ಧಾಟಿಯ ಬಗೆಗಿನ ಈ ಅಸಮ್ಮತಿ ಹಕ್ಕಿನ ನಿರಾಕರಣೆಯಾಗಿ ಬೆಳೆಯಲಿಲ್ಲ ಎಂಬುದು ಗಮನಾರ್ಹ. ಸಿನ್ಸಿನಾಟಿಯಲ್ಲಿ ಜೇಮ್ಸ್ ಬರ್ನಿಯ ಪತ್ರಿಕೆಯ ಮುದ್ರಣಾಲಯ 1836ರಲ್ಲಿ ದಾಳಿಗೊಳಗಾದಾಗ ಚಾನಿಂಗ್ ಬಹಿರಂಗ ಪತ್ರ ಬರೆದು, ನಿರ್ಮೂಲನವಾದಿಗಳು ಎಲ್ಲ ನಾಗರಿಕರ ಚಿಂತನೆ ಹಾಗೂ ಅಭಿವ್ಯಕ್ತಿಯ ಸ್ವಾತಂತ್ರ್ಯಕ್ಕಾಗಿ ಕಷ್ಟ ಅನುಭವಿಸುತ್ತಿದ್ದಾರೆಂದು ಸಮರ್ಥಿಸಿದನು. ಲವ್‌ಜಾಯ್ ಹತ್ಯೆಯ ಬಳಿಕ ಫ್ಯಾನಿಯಲ್ ಸಭಾಂಗಣವನ್ನು ಸಭೆಗೆ ಕೊಡಬೇಕೆಂದು ನಗರಾಡಳಿತವನ್ನು ಕೇಳಿದವರ ಮುಂದಾಳೂ ಅವನೇ. ಇತ್ತ ಲಿಬರೇಟರ್ ಪತ್ರಿಕೆಯೂ ಗುಲಾಮಗಿರಿಯ ಪರವಾದ ಲೇಖನಗಳನ್ನು ಬೇರೆ ಪತ್ರಿಕೆಗಳಿಂದ ಆರಿಸಿ ಮರುಮುದ್ರಿಸಲು ಪ್ರತ್ಯೇಕ ಅಂಕಣವನ್ನೇ ಮೀಸಲಿಟ್ಟಿತ್ತು. ಎದುರಾಳಿಯ ಮಾತನ್ನು ಓದುಗರ ಮುಂದಿಟ್ಟರೆ ಅದರ ದೋಷ ತಾನಾಗಿಯೇ ಬಯಲಾಗುತ್ತದೆಂಬ ನಂಬಿಕೆ ಇದರ ಹಿಂದಿತ್ತು.

ಧಾಟಿಯ ಪ್ರಶ್ನೆ ಕಪ್ಪು ಜನರ ಸಭೆಗಳಲ್ಲೂ ಎದ್ದಿತು. 1843ರಲ್ಲಿ ಬಫಲೊ ನಗರದಲ್ಲಿ ನಡೆದ ಕಪ್ಪು ಜನರ ರಾಷ್ಟ್ರೀಯ ಸಮಾವೇಶದಲ್ಲಿ ಹೆನ್ರಿ ಹೈಲ್ಯಾಂಡ್ ಗಾರ್ನೆಟ್ ಗುಲಾಮರು ದಾಸ್ಯವನ್ನು ಪ್ರತಿಭಟಿಸಿ ನಿಲ್ಲಬೇಕೆಂದು ಆವೇಶದ ಭಾಷಣ ಮಾಡಿದನು. ಅದನ್ನು ಸಮಾವೇಶದ ಅಧಿಕೃತ ಹೇಳಿಕೆಯಾಗಿಸುವ ಸೂಚನೆ ಒಂದೇ ಮತದ ಅಂತರದಿಂದ ಬಿದ್ದುಹೋಯಿತು. ವಿರೋಧಿಸಿದವರಲ್ಲಿ ಆಗ ಗ್ಯಾರಿಸನ್ನನ ಅನುಯಾಯಿಯಾಗಿದ್ದ ಡಗ್ಲಸ್ ಕೂಡ ಒಬ್ಬನು.

ಮಹಿಳೆಯರ ಭಾಷಣ ಮತ್ತು 1840ರ ಒಡಕು

ದಕ್ಷಿಣ ಕ್ಯಾರೊಲಿನದ ಗುಲಾಮಒಡೆಯರ ಕುಟುಂಬದಲ್ಲಿ ಹುಟ್ಟಿದ ಸಾರಾ ಮತ್ತು ಆಂಜೆಲಿನ ಗ್ರಿಮ್ಕೆ 1837ರಲ್ಲಿ ಮ್ಯಾಸಚೂಸೆಟ್ಸ್‌ನಾದ್ಯಂತ ಸಂಚರಿಸಿ ಸ್ತ್ರೀಪುರುಷರಿಬ್ಬರೂ ಸೇರಿದ ಸಭೆಗಳಲ್ಲಿ ಮಾತನಾಡಿದರು. ಮಹಿಳೆಯರು ಸಾರ್ವಜನಿಕವಾಗಿ ಭಾಷಣ ಮಾಡುವುದು ಅವರ ಸ್ವಭಾವಕ್ಕೆ ತಕ್ಕುದಲ್ಲವೆಂದು ಅಲ್ಲಿನ ಕಾಂಗ್ರಿಗೇಶನಲ್ ಪಾದ್ರಿಗಳ ಸಂಘ ಅದೇ ವರ್ಷ ಪತ್ರ ಹೊರಡಿಸಿತು. ಶಿಕ್ಷಣತಜ್ಞೆ ಕ್ಯಾಥರೀನ್ ಬೀಚರ್ ಕೂಡ ಮಹಿಳೆಯರು ಇಂತಹ ಚಳವಳಿಗಳಿಂದ ದೂರವಿರಬೇಕೆಂದು ಬರೆದಳು. ಆಂಜೆಲಿನ ಪತ್ರಗಳ ಸರಣಿಯ ಮೂಲಕ ಬೀಚರಳಿಗೆ ಉತ್ತರಿಸಿದಳು. ಗುಲಾಮರ ಹಕ್ಕಿಗಾಗಿ ಮಾತನಾಡುವ ಪ್ರಯತ್ನವೇ ತಮ್ಮ ಸ್ವಂತ ಹಕ್ಕುಗಳ ಅರಿವನ್ನು ಮೂಡಿಸಿತೆಂಬುದು ಅವಳ ವಾದದ ಮುಖ್ಯ ಅಂಶ.

1838ರ ಮೇ ತಿಂಗಳಲ್ಲಿ ಫಿಲಡೆಲ್ಫಿಯದಲ್ಲಿ ಮುಕ್ತ ಚರ್ಚೆಗಾಗಿಯೇ ಕಟ್ಟಲಾಗಿದ್ದ 'ಪೆನ್ಸಿಲ್ವೇನಿಯ ಹಾಲ್' ಉದ್ಘಾಟನೆಯಾಯಿತು. ಕಪ್ಪು ಮತ್ತು ಬಿಳಿಯ ಸ್ತ್ರೀಪುರುಷರು ಒಟ್ಟಿಗೆ ಕುಳಿತ ಸಭೆಗಳಿಂದ ಕೆರಳಿದ ಗುಂಪು ಉದ್ಘಾಟನೆಯ ಮೂರು ದಿನಗಳ ಬಳಿಕ ಅದನ್ನು ಸುಟ್ಟುಹಾಕಿತು.

1840ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಆ್ಯಬಿ ಕೆಲ್ಲಿ ಎಂಬಾಕೆಯನ್ನು ಕಾರ್ಯಸಮಿತಿಗೆ ನೇಮಿಸಲಾಯಿತು. ಇದನ್ನು ವಿರೋಧಿಸಿದ ಲೂಯಿಸ್ ಟ್ಯಾಪನ್ ಮತ್ತಿತರರು ಹೊರನಡೆದು ಬೇರೊಂದು ಸಂಘ ಕಟ್ಟಿದರು. ಮಹಿಳೆಯರ ಹಕ್ಕು, ಚರ್ಚುಗಳ ಖಂಡನೆ ಮುಂತಾದ ವಿಷಯಗಳನ್ನು ಬೆರೆಸಿದರೆ ಗುಲಾಮಗಿರಿಯ ವಿರೋಧಕ್ಕೆ ಸಿಗಬೇಕಾದ ಜನಬೆಂಬಲ ಕುಗ್ಗುತ್ತದೆಂಬುದು ಅವರ ಆಕ್ಷೇಪ. ಗುಲಾಮಗಿರಿಯನ್ನು ವಿರೋಧಿಸುವ ಯಾರಿಗೇ ಆದರೂ ವೇದಿಕೆಯಲ್ಲಿ ಸ್ಥಾನವಿರಬೇಕೆಂಬುದು ಗ್ಯಾರಿಸನ್ನನ ಪಕ್ಷ. ಮರುತಿಂಗಳು ಲಂಡನ್ನಿನಲ್ಲಿ ನಡೆದ ವಿಶ್ವ ಸಮ್ಮೇಳನದಲ್ಲಿ ಮಹಿಳಾ ಪ್ರತಿನಿಧಿಗಳಿಗೆ ಸ್ಥಾನ ನಿರಾಕರಿಸಿದಾಗ ಗ್ಯಾರಿಸನ್ ತಾನೂ ಪ್ರತಿನಿಧಿಯಾಗಿ ಕೂರದೆ ಪ್ರೇಕ್ಷಕರ ಮಾಳಿಗೆಯಲ್ಲಿ ಕುಳಿತನು.

ರಾಜಕೀಯದಲ್ಲಿ ಭಾಗವಹಿಸುವ ಪ್ರಶ್ನೆ

ಗ್ಯಾರಿಸನ್ ಮತ್ತು ಅವನ ಸಂಗಡಿಗರು ಜನರ ಮನಃಪರಿವರ್ತನೆಯನ್ನೇ ಮುಖ್ಯ ಮಾರ್ಗವೆಂದು ನಂಬಿದ್ದರು. ಜನಸಂಖ್ಯೆಯ ಲೆಕ್ಕದಲ್ಲಿ ಗುಲಾಮರ ಐದನೆಯ ಮೂರು ಭಾಗವನ್ನು ಸೇರಿಸಿ ದಕ್ಷಿಣಕ್ಕೆ ಹೆಚ್ಚು ಪ್ರಾತಿನಿಧ್ಯ ನೀಡುವ ಮತ್ತು ಓಡಿಹೋದ ಗುಲಾಮರನ್ನು ಹಿಂದಿರುಗಿಸಬೇಕೆನ್ನುವ ವಿಧಿಗಳನ್ನು ಹೊಂದಿದ್ದ ಸಂವಿಧಾನವೇ ಗುಲಾಮಗಿರಿಯೊಡನೆ ಮಾಡಿಕೊಂಡ ಒಪ್ಪಂದ ಎಂದು ಅವರು ವಾದಿಸಿದರು. ಅಂತಹ ಸಂವಿಧಾನದ ಅಡಿಯಲ್ಲಿ ಮತ ಚಲಾಯಿಸುವುದೂ ಅಧಿಕಾರ ವಹಿಸುವುದೂ ತಪ್ಪೆಂಬುದು ಅವರ ನಿಲುವು. 1844ರಲ್ಲಿ ಸೊಸೈಟಿ ಗುಲಾಮಒಡೆಯರ ರಾಜ್ಯಗಳೊಡನೆ ಒಕ್ಕೂಟವೇ ಬೇಡವೆಂಬ ಧೋರಣೆಯನ್ನು ಅಂಗೀಕರಿಸಿತು. 1854ರ ಜುಲೈ 4ರಂದು ಫ್ರೇಮಿಂಗ್‌ಹ್ಯಾಮಿನ ಸಭೆಯಲ್ಲಿ ಗ್ಯಾರಿಸನ್ ಸಂವಿಧಾನದ ಪ್ರತಿಯನ್ನು ಬಹಿರಂಗವಾಗಿ ಸುಟ್ಟನು.

ಇನ್ನೊಂದು ಪಕ್ಷದವರು ಶಾಸನದಿಂದ ಉಳಿದಿರುವ ವ್ಯವಸ್ಥೆಯನ್ನು ಶಾಸನದಿಂದಲೇ ಕೆಡವಬೇಕೆಂದರು. 1840ರಲ್ಲಿ ಅವರು 'ಲಿಬರ್ಟಿ ಪಕ್ಷ'ವನ್ನು ಸ್ಥಾಪಿಸಿ, ಒಮ್ಮೆ ತಾನೇ ಗುಲಾಮರನ್ನು ಹೊಂದಿದ್ದು ಬಳಿಕ ಬಿಡುಗಡೆಗೊಳಿಸಿದ್ದ ಬರ್ನಿಯನ್ನು ಅಧ್ಯಕ್ಷ ಚುನಾವಣೆಗೆ ನಿಲ್ಲಿಸಿದರು. ಅವನಿಗೆ ದೊರೆತದ್ದು ಸುಮಾರು 7,000 ಮತ. 1844ರಲ್ಲಿ ಮತಗಳು ಸುಮಾರು 62,000ಕ್ಕೆ ಏರಿದವು. ಆ ಚುನಾವಣೆಯಲ್ಲಿ ನ್ಯೂಯಾರ್ಕ್ ರಾಜ್ಯವನ್ನು ಜೇಮ್ಸ್ ಪೋಕ್ ಸುಮಾರು 5,000 ಮತಗಳ ಅಂತರದಿಂದ ಗೆದ್ದನು. ಅಲ್ಲಿ ಬರ್ನಿ ಪಡೆದದ್ದು 15,000ಕ್ಕೂ ಹೆಚ್ಚು. ಗುಲಾಮಗಿರಿಯಿದ್ದ ಟೆಕ್ಸಸ್ಸನ್ನು ಒಕ್ಕೂಟಕ್ಕೆ ಸೇರಿಸಲು ಬಯಸಿದ್ದ ಪೋಕ್‌ನ ಗೆಲುವಿಗೆ ಲಿಬರ್ಟಿ ಪಕ್ಷವೇ ದಾರಿ ಮಾಡಿಕೊಟ್ಟಿತೆಂಬ ಟೀಕೆ ಅಂದಿನಿಂದಲೂ ಇದೆ. ಮುಂದೆ ಈ ರಾಜಕೀಯ ಧಾರೆ 1848ರ 'ಫ್ರೀ ಸಾಯಿಲ್ ಪಕ್ಷ'ದಲ್ಲಿ, ಅನಂತರ 1854ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷದಲ್ಲಿ ಸೇರಿಹೋಯಿತು.

ಗ್ಯಾರಿಸನ್ ಮತ್ತು ಡಗ್ಲಸ್

ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಸ್ 1838ರ ಸೆಪ್ಟೆಂಬರಿನಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಬಂದನು. 1841ರಲ್ಲಿ ನಾಂಟಕೆಟ್ ದ್ವೀಪದಲ್ಲಿ ಅವನ ಭಾಷಣ ಕೇಳಿದ ಗ್ಯಾರಿಸನ್ನನ ಬಳಗ ಅವನನ್ನು ಸಂಚಾರಿ ಭಾಷಣಕಾರನಾಗಿ ನೇಮಿಸಿಕೊಂಡಿತು. ಕೇವಲ ತನ್ನ ಅನುಭವವನ್ನು ಹೇಳುವಂತೆಯೂ ವಿಶ್ಲೇಷಣೆಯನ್ನು ಇತರರಿಗೆ ಬಿಡುವಂತೆಯೂ ಬಿಳಿಯ ಸಹೋದ್ಯೋಗಿಗಳು ತನಗೆ ಸೂಚಿಸುತ್ತಿದ್ದರೆಂದು ಡಗ್ಲಸ್ 1855ರ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಅವನ ಮಾತು ತೀರ ಸುಶಿಕ್ಷಿತವಾಗಿದ್ದರೆ ಅವನು ಗುಲಾಮನಾಗಿದ್ದನೆಂದು ಯಾರೂ ನಂಬುವುದಿಲ್ಲವೆಂಬ ಆತಂಕ ಅವರದಾಗಿತ್ತು. ಕಟುವಾಗಿ ಮಾತನಾಡುವ ಹಕ್ಕಿಗಾಗಿ ಹೋರಾಡಿದ ಬಳಗವೇ ಡಗ್ಲಸ್‌ನ ಮಾತಿಗೆ ಮೇರೆ ಹಾಕಲು ಹೊರಟದ್ದು ಅವನ ಅಸಮಾಧಾನಕ್ಕೆ ಕಾರಣವಾಯಿತು.

1847ರ ಡಿಸೆಂಬರ್ 3ರಂದು ಡಗ್ಲಸ್ ರೋಚೆಸ್ಟರ್ ನಗರದಲ್ಲಿ 'ನಾರ್ತ್ ಸ್ಟಾರ್' ಎಂಬ ಸ್ವಂತ ಪತ್ರಿಕೆಯನ್ನು ಆರಂಭಿಸಿದನು. ಬಾಸ್ಟನ್ನಿನ ಗೆಳೆಯರಿಗೆ ಇದು ಸಮ್ಮತವಿರಲಿಲ್ಲ. ಲೈಸಾಂಡರ್ ಸ್ಪೂನರ್, ಗೆರಿಟ್ ಸ್ಮಿತ್ ಮೊದಲಾದವರ ಬರಹ ಹಾಗೂ ಚರ್ಚೆಗಳಿಂದ ಪ್ರಭಾವಿತನಾದ ಡಗ್ಲಸ್ ಕ್ರಮೇಣ ಸಂವಿಧಾನದ ಬಗ್ಗೆ ತನ್ನ ಅಭಿಪ್ರಾಯ ಬದಲಿಸಿದನು. ಸಂವಿಧಾನದಲ್ಲಿ ಗುಲಾಮ ಎಂಬ ಪದವೇ ಇಲ್ಲ, ಅದರ ಪೀಠಿಕೆಯ ಆಶಯ ಸ್ವಾತಂತ್ರ್ಯ, ಆದ್ದರಿಂದ ಅದನ್ನು ಗುಲಾಮಗಿರಿಯ ವಿರುದ್ಧದ ಅಸ್ತ್ರವಾಗಿ ಬಳಸಬಹುದು ಎಂಬುದು ಅವನ ಹೊಸ ನಿಲುವು.

1851ರ ಮೇ ತಿಂಗಳಲ್ಲಿ ಸಿರಕ್ಯೂಸಿನಲ್ಲಿ ಸೇರಿದ ಸೊಸೈಟಿಯ ಸಭೆಯಲ್ಲಿ, ಸಂವಿಧಾನ ಗುಲಾಮಗಿರಿಯ ಪರವಾದುದೆಂದು ಒಪ್ಪದ ಪತ್ರಿಕೆಗಳಿಗೆ ಸಂಘದ ಶಿಫಾರಸು ನೀಡಬಾರದೆಂಬ ಪ್ರಸ್ತಾಪ ಬಂದಿತು. ಆಗ ಡಗ್ಲಸ್ ತನ್ನ ಬದಲಾದ ಅಭಿಪ್ರಾಯವನ್ನು ಬಹಿರಂಗಪಡಿಸಿದನು. ಮರುತಿಂಗಳು ಅವನ ಪತ್ರಿಕೆ ಸ್ಮಿತ್ ಬೆಂಬಲಿತ ಪತ್ರಿಕೆಯೊಡನೆ ವಿಲೀನವಾಗಿ 'ಫ್ರೆಡರಿಕ್ ಡಗ್ಲಸ್ ಪೇಪರ್' ಎಂಬ ಹೆಸರಿನಿಂದ ಹೊರಬಂದಿತು. ಎರಡು ಪತ್ರಿಕೆಗಳ ನಡುವಿನ ವಾದ 1853ರ ವೇಳೆಗೆ ವೈಯಕ್ತಿಕ ನಿಂದನೆಯ ಮಟ್ಟಕ್ಕೆ ಇಳಿಯಿತು. ಗ್ಯಾರಿಸನ್ 1879ರಲ್ಲಿ ನಿಧನನಾದಾಗ ವಾಷಿಂಗ್ಟನ್ನಿನ ಶ್ರದ್ಧಾಂಜಲಿ ಸಭೆಯಲ್ಲಿ ಡಗ್ಲಸ್ ಅವನ ಸೇವೆಯನ್ನು ಗೌರವದಿಂದ ಸ್ಮರಿಸಿದನು.

1860ರ ಬಾಸ್ಟನ್ ಘಟನೆ

1860ರ ಡಿಸೆಂಬರ್ 3ರಂದು ಬಾಸ್ಟನ್ನಿನ ಟ್ರೆಮಾಂಟ್ ಟೆಂಪಲ್ ಸಭಾಂಗಣದಲ್ಲಿ ನಿರ್ಮೂಲನವಾದಿಗಳ ಸಭೆಯನ್ನು ಗುಂಪೊಂದು ಭಂಗಗೊಳಿಸಿತು. ಸಭೆಯಲ್ಲಿದ್ದ ಡಗ್ಲಸ್ ಕೆಲವು ದಿನಗಳ ಬಳಿಕ ಅದೇ ನಗರದಲ್ಲಿ ವಾಕ್ ಸ್ವಾತಂತ್ರ್ಯದ ಕುರಿತು ಕಿರುಭಾಷಣ ಮಾಡಿದನು. ಮಾತನಾಡುವವನ ಬಾಯಿ ಮುಚ್ಚಿಸಿದಾಗ ಕೇಳುವವನ ಹಕ್ಕೂ ಕಸಿಯಲ್ಪಡುತ್ತದೆ, ಈ ಹಕ್ಕು ವ್ಯಕ್ತಿಯ ಬಣ್ಣ ಅಥವಾ ಸಂಪತ್ತನ್ನು ಅವಲಂಬಿಸಿರಬಾರದು ಎಂಬುದು ಅದರ ಸಾರ. ವಾಕ್ ಸ್ವಾತಂತ್ರ್ಯದ ಕುರಿತ ಅಮೆರಿಕನ್ ಚಿಂತನೆಯಲ್ಲಿ ಈ ಭಾಷಣವನ್ನು ಇಂದಿಗೂ ಉಲ್ಲೇಖಿಸಲಾಗುತ್ತದೆ.

ಕೊನೆಯ ಭಿನ್ನಾಭಿಪ್ರಾಯ

ಅಂತರ್ಯುದ್ಧದ ಕಾಲದಲ್ಲಿ ಪಾತ್ರಗಳು ಅದಲುಬದಲಾದವು. ರಾಜಕೀಯದಿಂದ ದೂರವಿದ್ದ ಗ್ಯಾರಿಸನ್ 1864ರಲ್ಲಿ ಅಬ್ರಹಾಂ ಲಿಂಕನ್ನನ ಮರುಆಯ್ಕೆಯನ್ನು ಬೆಂಬಲಿಸಿದನು, ಫಿಲಿಪ್ಸ್ ವಿರೋಧಿಸಿದನು. 1865ರ ಮೇ ತಿಂಗಳಲ್ಲಿ ಸೊಸೈಟಿಯನ್ನು ವಿಸರ್ಜಿಸಬೇಕೆಂದು ಗ್ಯಾರಿಸನ್ ಸೂಚಿಸಿದನು. ಕಪ್ಪು ಜನರಿಗೆ ಮತದಾನದ ಹಕ್ಕು ದೊರೆಯುವವರೆಗೆ ಕೆಲಸ ಮುಗಿಯದೆಂದು ಫಿಲಿಪ್ಸ್ ಮತ್ತು ಡಗ್ಲಸ್ ವಾದಿಸಿದರು. ಸೂಚನೆ ಸೋತು ಫಿಲಿಪ್ಸ್ ಅಧ್ಯಕ್ಷನಾದನು. 1865ರ ಡಿಸೆಂಬರಿನಲ್ಲಿ ಸಂವಿಧಾನದ 13ನೆಯ ತಿದ್ದುಪಡಿ ಗುಲಾಮಗಿರಿಯನ್ನು ರದ್ದುಗೊಳಿಸಿತು. ಅದೇ ತಿಂಗಳ 29ರಂದು ಲಿಬರೇಟರ್ ತನ್ನ ಕೊನೆಯ ಸಂಚಿಕೆಯನ್ನು ಹೊರತಂದಿತು. ಮತದಾನದಲ್ಲಿ ವರ್ಣಭೇದವನ್ನು ನಿಷೇಧಿಸಿದ 15ನೆಯ ತಿದ್ದುಪಡಿ 1870ರಲ್ಲಿ ಜಾರಿಗೆ ಬಂದ ಬಳಿಕ ಸೊಸೈಟಿ ವಿಸರ್ಜನೆಯಾಯಿತು.

ಇತಿಹಾಸಕಾರರ ಅಭಿಪ್ರಾಯಗಳು

ಗಿಲ್ಬರ್ಟ್ ಬಾರ್ನ್ಸ್ 1933ರ ತಮ್ಮ ಕೃತಿಯಲ್ಲಿ ಗ್ಯಾರಿಸನ್ನನ ಪಾತ್ರವನ್ನು ಕಿರಿದುಗೊಳಿಸಿ, ಥಿಯೊಡೋರ್ ವೆಲ್ಡ್ ಮುಂತಾದ ಧಾರ್ಮಿಕ ಹಿನ್ನೆಲೆಯ ಸಂಘಟಕರ ಕೆಲಸಕ್ಕೆ ಪ್ರಾಧಾನ್ಯ ನೀಡಿದರು. ಐಲೀನ್ ಕ್ರಾಡಿಟರ್ 1969ರಲ್ಲಿ ಇದನ್ನು ಪ್ರಶ್ನಿಸಿ, ಗ್ಯಾರಿಸನ್ ಬಳಗದ ಕಟುತ್ವ ವಿವೇಚನೆಯಿಂದ ಆರಿಸಿಕೊಂಡ ತಂತ್ರವೆಂದು ವಾದಿಸಿದರು. 2016ರಲ್ಲಿ ಪ್ರಕಟವಾದ 'ದ ಸ್ಲೇವ್ಸ್ ಕಾಸ್' ಎಂಬ ಕೃತಿಯಲ್ಲಿ ಭಾರತೀಯ ಮೂಲದ ಇತಿಹಾಸಕಾರ್ತಿ ಮನಿಷಾ ಸಿನ್ಹಾ ಗುಲಾಮರ ಪ್ರತಿರೋಧವನ್ನೂ ಕಪ್ಪು ಹೋರಾಟಗಾರರನ್ನೂ ಚಳವಳಿಯ ಕೇಂದ್ರದಲ್ಲಿರಿಸಿದ್ದಾರೆ.

ಅಂಚೆಯ ದಹನ, ಗ್ಯಾಗ್ ನಿಯಮ ಮತ್ತು ಲವ್‌ಜಾಯ್ ಹತ್ಯೆಗಳು ನಿರ್ಮೂಲನವಾದಿಗಳ ಧಾಟಿಯನ್ನು ಮೆಚ್ಚದ ಉತ್ತರದ ಜನರಲ್ಲೂ ಗುಲಾಮಗಿರಿ ತಮ್ಮ ಸ್ವಂತ ಸ್ವಾತಂತ್ರ್ಯಕ್ಕೆ ಅಪಾಯ ತರುತ್ತದೆಂಬ ಭಾವನೆಯನ್ನು ಬೆಳೆಸಿದವು. ಚಳವಳಿಯ ಬೆಂಬಲ ವಿಸ್ತರಿಸಲು ಇದು ಒಂದು ಮುಖ್ಯ ಕಾರಣವೆಂದು ಪರಿಗಣಿಸಲಾಗಿದೆ.

ಭಾರತದೊಂದಿಗೆ ಸಂಬಂಧ

ಜ್ಯೋತಿರಾವ್ ಫುಲೆ 1873ರಲ್ಲಿ ಪ್ರಕಟಿಸಿದ 'ಗುಲಾಮಗಿರಿ' ಕೃತಿಯನ್ನು, ಗುಲಾಮರ ಬಿಡುಗಡೆಗಾಗಿ ಶ್ರಮಿಸಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಗ್ಯಾರಿಸನ್ 1838ರಲ್ಲಿ ರಚಿಸಿದ ಅಹಿಂಸಾ ಘೋಷಣೆಯನ್ನು ರಷ್ಯದ ಲೇಖಕ ಲಿಯೊ ಟಾಲ್‌ಸ್ಟಾಯ್ 'ದ ಕಿಂಗ್‌ಡಮ್ ಆಫ್ ಗಾಡ್ ಈಸ್ ವಿದಿನ್ ಯೂ' ಎಂಬ ಗ್ರಂಥದ ಆರಂಭದಲ್ಲಿ ಚರ್ಚಿಸಿದ್ದಾರೆ. ದಕ್ಷಿಣ ಆಫ್ರಿಕದಲ್ಲಿದ್ದಾಗ ಮಹಾತ್ಮ ಗಾಂಧಿಯವರು ಈ ಗ್ರಂಥವನ್ನು ಓದಿ ಆಳವಾಗಿ ಪ್ರಭಾವಿತರಾದರು.